ಹುಡ್ಡಿನ ಮೇಲಿನ ಕಲೆ

ಸಕಲೇಶಪುರದ ಕಡೆ ಮಳೆ ಹಿಂದೆ ಸರಿದು ಬಿಸಿಲು ಮುಖ ತೋರಿಸಿತೆಂದರೆ ಕುಶನ್ ವರ್ಕ್ಸ್ ಅಂಗಡಿಗಳ ಮುಂದೆ ಜೀಪುಗಳು ಬಂದು ನಿಲ್ಲುತ್ತವೆ. ಎಂಜಿನ್ನಿಗೆ ಏನೂ ಆಗಿರುವುದಿಲ್ಲ, ಕೆಟ್ಟಿರುವುದು ನೆತ್ತಿಯ ಅಂದ. ತಿಂಗಳುಗಟ್ಟಲೆ ತೊಯ್ದ ಕ್ಯಾನ್ವಾಸ್ ಹುಡ್ಡಿನ ಮೇಲೆ ಪಾಚಿಯ ಹಸಿರು, ಹೊಲಿಗೆಯುದ್ದಕ್ಕೂ ಬೂಷ್ಟಿನ ಕಪ್ಪು ಚುಕ್ಕೆ, ಕಬ್ಬಿಣದ ಕಮಾನು ಉಜ್ಜಿ ಉಜ್ಜಿ ಬಿಳಿಚಿದ ಪಟ್ಟೆ. ಸಿಲ್ವರ್ ಓಕ್ ಮರದಡಿ ನಿಲ್ಲಿಸುತ್ತಿದ್ದರೆಂಬುದಕ್ಕೆ ಸಾಕ್ಷಿಯಾಗಿ ಹಕ್ಕಿ ಹಿಕ್ಕೆ ಬೇರೆ.

"ಒಂದು ಕೋಟ್ ಕಪ್ಪು ಪೇಂಟ್ ಹೊಡೆದುಬಿಡಿ ಭಾಯ್, ಹೊಸದರಂಗೆ ಕಾಣುತ್ತೆ."

"ಕಾಣುತ್ತೆ ಗೌಡ್ರೇ, ಎಷ್ಟು ದಿನ? ಬಟ್ಟೆ ಬಿರುಸಾಗುತ್ತೆ. ಆಮೇಲೆ ಮಡಚಿದ ಕಡೆಯೇ ಸೀಳುತ್ತೆ."

ಅಂಗಡಿಯ ಭಾಯಿ ಮೊದಲು ನೀರು ಮುಟ್ಟುವುದಿಲ್ಲ. ಬೂಷ್ಟು ಒಣಗಿರುವಾಗಲೇ ಅಂಗಡಿಯಾಚೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಉದುರಿಸುತ್ತಾನೆ. ಆಮೇಲೆ ತೆಳು ಸೋಪಿನ ನೀರು, ನೇಯ್ಗೆ ಹೋದ ದಿಕ್ಕಿಗೇ ಕೈ. ಬ್ಲೀಚಿಂಗ್ ಪುಡಿ ಹಾಕಿದರೆ ಚುಕ್ಕೆ ಬೇಗ ಹೋಗುತ್ತದೆ, ನಿಜ. ಜೊತೆಗೆ ಬಣ್ಣವೂ ಹೋಗುತ್ತದೆ, ದಾರವೂ ಸಾಯುತ್ತದೆ. ವಾಟರ್ ಸರ್ವಿಸ್‌ನವರ ಪಂಪು ಹತ್ತಿರದಿಂದ ಹೊಡೆದರೂ ಅಷ್ಟೇ, ನೀರು ತಡೆಯುವ ಲೇಪವೇ ಕಿತ್ತುಬರುತ್ತದೆ. ಅಂದಕ್ಕೆಂದು ಮಾಡಿಸಿದ ಕೆಲಸದಿಂದಲೇ ಸೋರತೊಡಗಿದ ಹುಡ್ಡುಗಳು ಈ ಅಂಗಡಿಗೆ ಬೇಕಾದಷ್ಟು ಬಂದಿವೆ.

ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತುಗಳು ಮಿನುಗುತ್ತವೆ. ತೇಪೆ ಒಳಗಿನಿಂದ, ಮೂಲೆಗಳನ್ನು ದುಂಡಗೆ ಕತ್ತರಿಸಿ, ಎರಡೂ ಕಡೆ ಸೊಲ್ಯೂಷನ್ ಸವರಿ, ಅಂಟು ಬಲಿಯುವ ತನಕ ಕಾದು ಒತ್ತುವುದು. ಮೇಲಿನಿಂದ ಮಿಷನ್ ಹೊಲಿಗೆ ಹಾಕಿದರೆ ಸೂಜಿ ಇಳಿದ ಕಡೆಯೆಲ್ಲ ನೀರಿಗೆ ಹೊಸ ದಾರಿ. ಹಳೆಯ ಹತ್ತಿ ದಾರವಾದರೆ ನೆನೆದು ಉಬ್ಬಿ ತೂತನ್ನು ತಾನೇ ಮುಚ್ಚುತ್ತಿತ್ತು, ನೈಲಾನಿಗೆ ಆ ಗುಣವಿಲ್ಲ. ಅದಕ್ಕೇ ಹೊಲಿಗೆಯ ಸಾಲಿಗೆ ಮೇಣ ತಿಕ್ಕುವುದು.

ಹಿಂದಿನ ಪ್ಲಾಸ್ಟಿಕ್ ಕಿಟಕಿ ಇನ್ನೂ ರಗಳೆಯದು. ಧೂಳಿದ್ದಾಗ ಒಣಬಟ್ಟೆಯಲ್ಲಿ ಒರೆಸಿ ಒರೆಸಿ ಗೀರುಬಿದ್ದು, ಪೊರೆ ಬಂದ ಕಣ್ಣಿನಂತಾಗಿದೆ. ಪ್ಲಾಸ್ಟಿಕ್ಕಿನ ನುಣ್ಣನೆ ಪಾಲಿಶ್ ಹಾಕಿ ಮೆಲ್ಲಗೆ ತಿಕ್ಕಿದರೆ ಮಂಜು ಕಳೆಯುತ್ತದೆ. ಹಳದಿ ಮಾತ್ರ ಹೋಗದು, ಅದು ಒಳಗೇ ಇಳಿದದ್ದು. ಆಗ ಹೊಸ ಹಾಳೆ ಹಾಕುವುದೊಂದೇ ದಾರಿ. ಇದು ಬರೀ ನಮ್ಮ ಜೀಪಿನ ಪಾಡಲ್ಲ. 1989ರಲ್ಲಿ ಬಂದ ಮಜ್ದಾ ಮಿಯಾಟ ಎಂಬ ಪುಟ್ಟ ತೆರೆದ ಕಾರಿಗೂ ಹಿಂದೆ ಪ್ಲಾಸ್ಟಿಕ್ಕೇ ಇತ್ತು. ಚಾವಣಿ ಮಡಚುವ ಮುನ್ನ ಜಿಪ್ ಬಿಚ್ಚಿ ಕಿಟಕಿಯನ್ನು ಮಲಗಿಸದಿದ್ದರೆ ಅಡ್ಡಗೆರೆ ಬೀಳುತ್ತಿತ್ತು. ಎರಡನೇ ತಲೆಮಾರಿಗೆ ಕಂಪನಿ ಗಾಜು ಹಾಕಿತು. ಅಂಥ ಎಷ್ಟೋ ಕಾರುಗಳ ಚಾವಣಿ ಬಟ್ಟೆಗೆ ಮೂರು ಪದರ: ಮೇಲೆ ಅಕ್ರಿಲಿಕ್, ನಡುವೆ ರಬ್ಬರ್, ಕೆಳಗೆ ಒಳಬಟ್ಟೆ. ಅದನ್ನು ಹೆಚ್ಚು ತಿಕ್ಕಿದರೆ ಮೇಲಿನ ಎಳೆ ಜುಂಗೇಳುತ್ತದೆ.

ತೊಳೆದ ಹುಡ್ಡನ್ನು ಭಾಯಿ ಕಮಾನಿಗೆ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಬಿಟ್ಟ. ಪೂರಾ ಒಣಗಿದ ಮೇಲಷ್ಟೇ ನೀರು ತಡೆಯುವ ಲೇಪ. ಹಸಿಯಿರುವಾಗ ಮಡಚಿದರೆ ಬೂಷ್ಟು ಮತ್ತೆ ಹಾಜರು. ಗೌಡರು ಕಂದು ಕಲೆಯೊಂದರ ಮೇಲೆ ಬೆರಳಿಟ್ಟರು.

"ಇದು ಉಳೀತಲ್ಲ ಭಾಯ್?"

"ಅದು ಮರದ ಅಂಟಿಂದು. ಇನ್ನೂ ತಿಕ್ಕಿದ್ರೆ ತೂತೇ."

"ಹಂಗಾದ್ರೆ ನೂರು ರೂಪಾಯಿ ಕಮ್ಮಿ ಮಾಡಿ."

"ಕಲೆ ಮರದ್ದು ಗೌಡ್ರೇ, ಮರ ನಿಮ್ದು. ನನ್ನ ಕೂಲಿ ಯಾಕೆ ಹಿಡೀತೀರಿ?"