ಮೊದಲ ಕೆಲಸ, ಹದಿನೈದು ಸಾವಿರ, ಆರು ತಿಂಗಳು

ಮಗಳು ಪಿಯುಸಿ ಮುಗಿಸಿ ಗಾರ್ಮೆಂಟ್ಸ್‌ಗೆ ಸೇರ್ತಾ ಇದ್ದಾಳಾ? ‘ಕೆಲಸಕ್ಕೆ ಸೇರಿದ್ರೆ ಸರ್ಕಾರ ಹದಿನೈದು ಸಾವಿರ ಕೊಡುತ್ತಂತೆ’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ಆ ದುಡ್ಡು ಯಾರಿಗೆ, ಯಾವಾಗ ಬರುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಿ.

ಇಂಥ ಸಬ್ಸಿಡಿ ಹೊಸದೇನಲ್ಲ. 2016ರಲ್ಲಿ ಬಂದ ಕೇಂದ್ರದ ಯೋಜನೆಯೊಂದರಲ್ಲಿ, 15,000 ರೂಪಾಯಿವರೆಗಿನ ಸಂಬಳದ ಹೊಸ ನೌಕರರಿಗಾಗಿ ಮಾಲೀಕರು ಕಟ್ಟಬೇಕಾದ ಶೇ 8.33ರ ಪಿಂಚಣಿ ಪಾಲನ್ನು ಸರ್ಕಾರವೇ ಕಟ್ಟಿತು. 2018ರ ಏಪ್ರಿಲ್‌ನಿಂದ ಮಾಲೀಕರ ಪೂರ್ತಿ ಶೇ 12. ನೌಕರರ ಪಾಲು ಮಾತ್ರ ಎಂದಿನಂತೆ ಸಂಬಳದಲ್ಲಿ ಕಡಿತವಾಗುತ್ತಲೇ ಇತ್ತು!

ಇದರಿಂದ ಕೆಲಸ ಹೆಚ್ಚುತ್ತದೆಯೇ? ಆರ್ಡರ್ ಬಂದರೆ ಮಾಲೀಕರು ಹೇಗೂ ಜನ ತಗೊಳ್ತಾರೆ. ಅಂಥ ಕಡೆ ಸಬ್ಸಿಡಿ ಅವರ ಲಾಭಕ್ಕೆ ಜಮೆ. ಲೆಕ್ಕಕ್ಕೇ ಇಲ್ಲದೆ ದುಡಿಯುತ್ತಿದ್ದವಳ ಹೆಸರು ಪುಸ್ತಕಕ್ಕೆ ಬಂದರೆ ಹೊಸ ಕೆಲಸ ಹುಟ್ಟಿದಂತಲ್ಲ. ಆದರೆ ಅವಳಿಗೆ ಪಿಎಫ್ ಬಂತಲ್ಲ, ಅದನ್ನು ನಾನಂತೂ ಸಣ್ಣದೆನ್ನಲಾರೆ. ಭಯವಿರುವುದು, ಹಳಬಳನ್ನು ಕಳಿಸಿ ಸಬ್ಸಿಡಿಗಾಗಿ ಹೊಸಬಳನ್ನು ತಗೊಂಡರೆ ಎಂಬುದು.

ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ ಇದಕ್ಕೊಂದು ಲಗಾಮು ಇದೆ. ಇದು 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಕೆಲಸಗಳಿಗೆ. 50ಕ್ಕಿಂತ ಕಡಿಮೆ ಜನರಿರುವಲ್ಲಿ ಕನಿಷ್ಠ ಇಬ್ಬರು, ಅದಕ್ಕಿಂತ ದೊಡ್ಡ ಕಡೆ ಐವರು ಹೆಚ್ಚುವರಿಯಾಗಿ ಸೇರಿ, ಆರು ತಿಂಗಳು ಉಳಿಯಬೇಕು. ಆಗಲೇ ಮಾಲೀಕರಿಗೆ ತಲಾ ತಿಂಗಳಿಗೆ 3,000 ರೂಪಾಯಿವರೆಗೆ ಪ್ರೋತ್ಸಾಹಧನ. ಎರಡು ವರ್ಷ, ಗಾರ್ಮೆಂಟ್ಸ್‌ನಂಥ ತಯಾರಿಕಾ ಘಟಕಗಳಿಗೆ ನಾಲ್ಕು.

ಇನ್ನು ಮಗಳ ಪಾಲು. ಸಿಗುವುದು ಪಿಎಫ್ ಲೆಕ್ಕದ ಒಂದು ತಿಂಗಳ ಸಂಬಳ, ಹೆಚ್ಚೆಂದರೆ 15,000. ಮೊದಲ ಕಂತು ಆರು ತಿಂಗಳ ಮೇಲೆ; ಎರಡನೆಯದು ಹನ್ನೆರಡು ತಿಂಗಳಾಗಿ, ಹಣಕಾಸು ಸಾಕ್ಷರತಾ ತರಬೇತಿ ಮುಗಿಸಿದ ಮೇಲೆ. ‘ಪಕ್ಕದ ಫ್ಯಾಕ್ಟರೀಲಿ ಐನೂರು ಜಾಸ್ತಿ ಕೊಡ್ತಾರಮ್ಮ’ ಅಂತ ಐದನೇ ತಿಂಗಳಲ್ಲಿ ಹೊರಟರೆ, ಕೂರಿಸಿ ಲೆಕ್ಕ ಹೇಳಿ. ಮದುವೆಗೆ ಮುಂಚೆ ಪಿಎಫ್ ಇದ್ದು, ಬಾಣಂತನಕ್ಕೆ ಕೆಲಸ ಬಿಟ್ಟು ಈಗ ಮತ್ತೆ ಸೇರುವ ನಿಮಗೆ ಮಾತ್ರ ಈ ದುಡ್ಡಿಲ್ಲ. ಮೊದಲ ಸಲ ಪಿಎಫ್‌ಗೆ ಸೇರುವವರಿಗಷ್ಟೇ. ಇದು ನನಗೆ ಸರಿ ಕಾಣುವುದಿಲ್ಲ.

ಸೇರಿದ ಕೂಡಲೇ ಯುಎಎನ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿ. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಕಂಡು ಪಾಸ್‌ಬುಕ್ಕಿನಲ್ಲಿ ಕಾಣದಿದ್ದರೆ ಮೊದಲು ಎಚ್‌ಆರ್ ಹತ್ತಿರ ಕೇಳಲಿ. ಅಲ್ಲಿ ‘ನಾಳೆ ಬಾ’ ಅಂದರೆ ಚೀಟಿಯ ಜೆರಾಕ್ಸ್ ಲಗತ್ತಿಸಿ ಪಿಎಫ್ ಕಚೇರಿಗೆ ದೂರು ಕೊಡಿ.