ಜೀಪಿನ ಬಟ್ಟೆಹೊದಿಕೆಯೂ ಕೆಸುವಿನೆಲೆಯ ಪಾಠವೂ

ಮಲೆನಾಡಿನಲ್ಲಿ ಮಳೆಗಾಲವೆಂದರೆ ವರ್ಷದ ಮೂರನೆಯ ಒಂದು ಪಾಲು. ಆಗುಂಬೆಯಂತಹ ಊರಿನಲ್ಲಿ ವರ್ಷವೊಂದಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಆ ಸೀಮೆಯ ಕಾಫಿ ತೋಟಗಳಲ್ಲಿ, ಅಡಿಕೆ ಬೆಳೆಗಾರರ ಅಂಗಳಗಳಲ್ಲಿ, ಕೆಸರುದಾರಿಯ ಕೊನೆಗಿರುವ ಒಂಟಿಮನೆಗಳಲ್ಲಿ ಹಳೆಯ ಜೀಪು ಇಂದಿಗೂ ದುಡಿಯುತ್ತಿದೆ. ಮಕ್ಕಳನ್ನು ಬಸ್ಸಿನ ದಾರಿಗೆ ಮುಟ್ಟಿಸುವುದಕ್ಕೂ ಅದೇ, ಗೊಬ್ಬರದ ಮೂಟೆ ತರುವುದಕ್ಕೂ ಅದೇ. ನಡುರಾತ್ರಿಯಲ್ಲಿ ದಿನ ತುಂಬಿದ ಹೆಣ್ಣುಮಗಳನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಅದೇ. ಇಷ್ಟು ಜನರ ತಲೆಯ ಮೇಲೆ ಇರುವುದಾದರೋ ಒಂದು ಬಟ್ಟೆ. ಆ ಬಟ್ಟೆಯ ಯೋಗಕ್ಷೇಮವನ್ನು ಕುರಿತು ನಾವು ಇಲ್ಲಿ ನಾಲ್ಕು ಮಾತು ಹೇಳಬಯಸಿದ್ದೇವೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಿಂದ ೧೯೪೫ರವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳೆರಡೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ನಿರ್ಮಿಸಿದವು. ಹಗುರಾಗಿರಬೇಕು, ಬೇಕೆಂದಾಗ ಮಡಿಸಿಡುವಂತಿರಬೇಕು ಎಂಬ ಕಾರಣದಿಂದ ಅವುಗಳಿಗೆ ಕಬ್ಬಿಣದ ಕಮಾನುಗಳ ಮೇಲೆ ಕ್ಯಾನ್ವಾಸಿನ ಹೊದಿಕೆಯನ್ನು ಹೊಂದಿಸಲಾಯಿತು. ನಮ್ಮ ಜನ ‘ಹುಡ್ಡು’ ಎಂದು ಕರೆಯುವುದು ಇದನ್ನೇ. ಆ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ಜೀಪುಗಳ ಜೋಡಣೆಯನ್ನು ಆರಂಭಿಸಿದರು. ವಾಹನದ ರೂಪ ಕಾಲಕಾಲಕ್ಕೆ ಬದಲಾಯಿತಾದರೂ ಬಟ್ಟೆಯ ಹೊದಿಕೆ ಬಹುಕಾಲ ಉಳಿದುಬಂದಿತು.

ನೀರನ್ನು ತಡೆಯುವ ಗುಟ್ಟು

‘ಕ್ಯಾನ್ವಾಸ್’ ಎಂಬ ಶಬ್ದದ ಮೂಲ ‘ಕ್ಯಾನಬಿಸ್’ ಎಂಬುದು, ಅಂದರೆ ಭಂಗಿಗಿಡ. ಹಿಂದೆ ಆ ಗಿಡದ ನಾರಿನಿಂದಲೇ ಹಡಗಿನ ಪಟಗಳನ್ನು ನೇಯುತ್ತಿದ್ದರು. ಅದರ ಮೇಲೆ ಟಾರು ಬಳಿದದ್ದೇ ‘ಟಾರ್ಪಾಲಿನ್’. ಅದೇ ನಮ್ಮ ಸಂತೆಪೇಟೆಗಳಲ್ಲಿ ಟಾರ್ಪಾಲು, ತಾಡಪಾಲು ಎಂದಾಯಿತು. ನೀರು ಬಟ್ಟೆಯೊಳಕ್ಕೆ ಇಳಿಯದಂತೆ ಮಾಡುವ ಯತ್ನ ಎಷ್ಟು ಹಳೆಯದೆಂಬುದು ಈ ಹೆಸರಿನಲ್ಲಿಯೇ ಅಡಗಿದೆ. ೧೮೨೩ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬಾತ ಎರಡು ಬಟ್ಟೆಗಳ ನಡುವೆ ರಬ್ಬರನ್ನು ಸೇರಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಇವೆಲ್ಲವೂ ಬಟ್ಟೆಯ ಕಣ್ಣುಗಳನ್ನು ಮುಚ್ಚಿಬಿಡುವ ಮಾರ್ಗಗಳು.

ಇನ್ನೊಂದು ಮಾರ್ಗವನ್ನು ನಮ್ಮ ಹಿತ್ತಲಿನ ಕೆಸುವಿನೆಲೆ ಕಲಿಸುತ್ತದೆ. ಅದರ ಮೇಲೆ ಬಿದ್ದ ಹನಿ ಮುತ್ತಿನಂತೆ ದುಂಡಗಾಗಿ ಉರುಳಿಹೋಗುವುದನ್ನು ಎಲ್ಲರೂ ಕಂಡಿದ್ದಾರೆ. ಎಲೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ. ಅವುಗಳ ಮೇಲೆ ಮೇಣದ ತೆಳುಲೇಪವಿದೆ. ಜರ್ಮನಿಯ ಸಸ್ಯವಿಜ್ಞಾನಿ ಬಾರ್ತ್‌ಲಾಟ್ ಅವರು ತಮ್ಮ ಸಹೋದ್ಯೋಗಿಯೊಡನೆ ೧೯೯೭ರಲ್ಲಿ ಕಮಲದೆಲೆಯ ಈ ಗುಣವನ್ನು ವಿಶದವಾಗಿ ನಿರೂಪಿಸಿದರು. ಎಲೆ ಉಸಿರಾಡುತ್ತಲೇ ಇರುತ್ತದೆ. ಆದರೂ ನೀರಿಗೆ ಅಲ್ಲಿ ನೆಲೆಯಿಲ್ಲ. ಒಳ್ಳೆಯ ಕ್ಯಾನ್ವಾಸು ಕೂಡ ಹೀಗೆಯೇ ಇರಬೇಕು.

ಹತ್ತಿಯ ಕ್ಯಾನ್ವಾಸಿಗೆ ಸಹಜವಾದ ಇನ್ನೊಂದು ಶಕ್ತಿಯುಂಟು. ಒದ್ದೆಯಾದೊಡನೆ ಹತ್ತಿಯ ನೂಲು ಉಬ್ಬಿ ನೇಯ್ಗೆಯ ಸಂದುಗಳನ್ನು ತಾನೇ ಮುಚ್ಚುತ್ತದೆ. ಯುದ್ಧಕಾಲದಲ್ಲಿ ಮ್ಯಾಂಚೆಸ್ಟರಿನ ಷರ್ಲಿ ಸಂಶೋಧನಾಲಯದವರು ಈ ಗುಣವನ್ನೇ ಆಧರಿಸಿ ‘ವೆಂಟೈಲ್’ ಎಂಬ ದಟ್ಟ ನೇಯ್ಗೆಯ ಹತ್ತಿಬಟ್ಟೆಯನ್ನು ರೂಪಿಸಿದರು. ತಣ್ಣನೆಯ ಕಡಲಿಗೆ ಬಿದ್ದ ವಿಮಾನಚಾಲಕರನ್ನು ಕಾಪಾಡುವ ಉಡುಪು ಅದರಿಂದ ಸಿದ್ಧವಾಯಿತು. ಆದುದರಿಂದ ಹೊದಿಕೆಗೆ ನಾವು ಮಾಡಬೇಕಾದುದು ಗೋಡೆ ಕಟ್ಟುವ ಕೆಲಸವಲ್ಲ. ಹತ್ತಿಯ ಸ್ವಭಾವಕ್ಕೆ ಮೇಣದ ಸ್ವಭಾವವನ್ನು ಜೊತೆಗೂಡಿಸುವ ಕೆಲಸ.

ಮೊದಲು ಶುಚಿ, ಅನಂತರ ಲೇಪ

ಈ ಕೆಲಸಕ್ಕೆ ತಕ್ಕ ಕಾಲ ಬೇಸಗೆಯ ಕೊನೆ. ಕೃತ್ತಿಕೆ ರೋಹಿಣಿಗಳ ಬಿಸಿಲಿನಲ್ಲಿ ಮಾಡಿದರೆ ಮೃಗಶಿರೆಯ ಹೊತ್ತಿಗೆ ಹೊದಿಕೆ ಸಿದ್ಧವಾಗಿರುತ್ತದೆ. ಮೊದಲು ಹೊದಿಕೆ ಯಾವುದರದೆಂದು ತಿಳಿಯಬೇಕು. ಹೊಳಪಿನ ರೆಕ್ಸಿನ್ನಿನದಾದರೆ ಅದು ನೀರನ್ನು ತಾನೇ ತಡೆಯುತ್ತದೆ. ಅದರ ಹೊಲಿಗೆಗಳನ್ನಷ್ಟೇ ನೋಡಿಕೊಂಡರೆ ಸಾಕು. ಹತ್ತಿಯದಾದರೆ ಒಂದು ಬೊಗಸೆ ನೀರು ಚಿಮುಕಿಸಿ ನೋಡಬೇಕು. ಹನಿ ನಿಂತು ಉರುಳಿದರೆ ಹಳೆಯ ಲೇಪ ಉಳಿದಿದೆ. ಬಟ್ಟೆ ನೀರನ್ನು ಹೀರಿ ಕಪ್ಪಾದರೆ ಲೇಪ ಸವೆದಿದೆ.

ಧೂಳನ್ನು ಮೃದುವಾದ ಬ್ರಷ್ಷಿನಿಂದ ಕೊಡವಿ, ಬರಿಯ ತಣ್ಣೀರಿನಿಂದ ತೊಳೆಯಬೇಕು. ಬಟ್ಟೆ ಒಗೆಯುವ ಪುಡಿಯನ್ನು ಸರ್ವಥಾ ಬಳಸಕೂಡದು. ಅದರ ಅಂಶ ನೂಲಿನಲ್ಲಿ ಉಳಿದು, ನೀರನ್ನು ದೂಡುವ ಬದಲು ಒಳಕ್ಕೆ ಕರೆದುಕೊಳ್ಳುತ್ತದೆ. ಬ್ಲೀಚಿಂಗ್ ಪುಡಿ ನೂಲನ್ನೇ ಸವೆಸುತ್ತದೆ. ಬೂಷ್ಟು ಹಿಡಿದಿದ್ದರೆ ಬಯಲಿನಲ್ಲಿ, ಬಿಸಿಲಿನಲ್ಲಿ ಉಜ್ಜಿ ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯವಾದುದು ಒಣಗಿಸುವುದು. ಒಳಗೆ ತೇವ ಉಳಿದಿರುವಾಗಲೇ ಮೇಲೆ ಮೇಣ ಬಳಿದರೆ ಬಟ್ಟೆಯನ್ನು ಕೊಳೆಯುವುದಕ್ಕೆ ಬಿಟ್ಟಂತೆ.

ಮನೆಯಲ್ಲಿಯೇ ಮಾಡಬಹುದಾದ ಹಳೆಯ ವಿಧಾನ ಸಾಬೂನು ಮತ್ತು ಪಟಿಕದ್ದು. ಎಣ್ಣೆಯಿಂದ ತಯಾರಾದ ನಿಜವಾದ ಸಾಬೂನನ್ನು ತುರಿದು ಬಿಸಿನೀರಿನಲ್ಲಿ ಕರಗಿಸಿ ಬಟ್ಟೆಗೆ ಬಳಿಯಬೇಕು; ಅದು ಅರೆ ಒಣಗಿದ ಮೇಲೆ ಪಟಿಕದ ನೀರನ್ನು ಬಳಿಯಬೇಕು. ಎರಡೂ ಕೂಡಿದಾಗ ನೀರಿನಲ್ಲಿ ಕರಗದ ಅಲ್ಯೂಮಿನಿಯಮ್ ಸಾಬೂನು ನೂಲಿನಲ್ಲಿಯೇ ಹುಟ್ಟುತ್ತದೆ. ಬಟ್ಟೆ ಗಡಸಾಗುವುದಿಲ್ಲ, ಗಾಳಿಯಾಡುವುದು ನಿಲ್ಲುವುದಿಲ್ಲ. ಇದು ಕ್ರಮೇಣ ಸವೆಯುವುದರಿಂದ ವರ್ಷಕ್ಕೊಮ್ಮೆ ಮತ್ತೆ ಮಾಡಬೇಕಾಗುತ್ತದೆ.

ಭಾರಿ ಮಳೆಗೆ ಮೇಣವೇ ಹೆಚ್ಚು ನಂಬಿಕೆಯದು. ಬರಿಯ ಪ್ಯಾರಾಫಿನ್ ಮೇಣ ಮಡಿಕೆಗಳಲ್ಲಿ ಬಿರಿಯುತ್ತದೆ. ಜೇನುಮೇಣವನ್ನು ಬೆರೆಸಿದರೆ ಬಳುಕು ಬರುತ್ತದೆ. ಕುದಿನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆಯನ್ನಿಟ್ಟು ಎರಡನ್ನೂ ಕರಗಿಸಿ, ಅಚ್ಚಿಗೆ ಹೊಯ್ದು ಗಟ್ಟಿ ಮಾಡಿಕೊಳ್ಳಬೇಕು. ಕಮಾನಿನ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಹೊದಿಕೆ ಬಿಸಿಲಿಗೆ ಕಾದಾಗ ಅದರ ಮೇಲೆ ಆ ಗಟ್ಟಿಯನ್ನು ತೆಳುವಾಗಿ ಉಜ್ಜಬೇಕು. ತಲೆಗೂದಲು ಒಣಗಿಸುವ ಯಂತ್ರದಿಂದ ಮೆಲ್ಲನೆ ಬಿಸಿ ತೋರಿದರೆ ಮೇಣ ನೂಲಿನೊಳಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ಕಿನ ಕಿಟಕಿಗಳಿಗೆ ಮೊದಲೇ ಕಾಗದ ಹೊದಿಸಿರಬೇಕು. ಅವು ಮಸುಕಾದರೆ ಚಾಲಕನಿಗೆ ಹಿಂದಿನ ದಾರಿ ಕಾಣದು.

ಆದರೆ ಕಲಬುರಗಿ, ರಾಯಚೂರುಗಳಂತಹ ಬಿಸಿಲುಸೀಮೆಗೆ ಮೇಣ ಒಗ್ಗದು. ಅಲ್ಲಿಯ ಬೇಸಗೆಯಲ್ಲಿ ಅದು ಮೆತ್ತಗಾಗಿ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಅಂತಹ ಕಡೆ ಅಂಗಡಿಯಲ್ಲಿ ದೊರೆಯುವ, ನೀರಿನಲ್ಲಿ ಬೆರೆಸಿದ ಸಿಲಿಕೋನ್ ಲೇಪ ಮೇಲು. ಫ್ಲೋರಿನ್ ಬೆರೆತ ಕೆಲವು ಲೇಪಗಳು ಮಣ್ಣು ನೀರುಗಳಲ್ಲಿ ಬಹುಕಾಲ ಅಳಿಯದೆ ಉಳಿಯುವುವು. ೩ಎಂ ಎಂಬ ಅಮೆರಿಕದ ಸಂಸ್ಥೆ ಅಂತಹ ವಸ್ತುಗಳ ತಯಾರಿಕೆಯನ್ನು ೨೦೨೫ರ ಅಂತ್ಯಕ್ಕೆ ನಿಲ್ಲಿಸುವುದಾಗಿ ೨೦೨೨ರಲ್ಲಿಯೇ ಪ್ರಕಟಿಸಿತ್ತು. ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳುವುದು ಲೇಸು.

ಹೊಲಿಗೆಯೂ ಕಮಾನೂ

ಸೋರಿಕೆ ಹೆಚ್ಚಾಗಿ ಆರಂಭವಾಗುವುದು ಬಟ್ಟೆಯ ನಡುವಿನಲ್ಲಲ್ಲ, ಹೊಲಿಗೆಯಲ್ಲಿ. ಹತ್ತಿಯ ದಾರವಾದರೆ ಒದ್ದೆಯಾದಾಗ ಉಬ್ಬಿ ಸೂಜಿಯ ರಂಧ್ರವನ್ನು ತುಂಬುತ್ತದೆ. ಪಾಲಿಯೆಸ್ಟರ್ ದಾರ ಬಲವಾದುದು, ಆದರೆ ಉಬ್ಬದು. ಆದುದರಿಂದ ಎಲ್ಲ ಹೊಲಿಗೆಗಳ ಮೇಲೂ ಜೇನುಮೇಣವನ್ನು ಒತ್ತಿ ತಿಕ್ಕಬೇಕು. ಕಮಾನಿನ ತುಕ್ಕು ಬಟ್ಟೆಯನ್ನು ತಿನ್ನುವುದರಿಂದ ಕಬ್ಬಿಣಕ್ಕೆ ಬಣ್ಣ ಬಳಿದು, ಅದರ ಮೇಲೆ ಹಳೆಯ ಟ್ಯೂಬಿನ ಪಟ್ಟಿ ಸುತ್ತಿದರೆ ಹೊದಿಕೆಯ ಆಯುಸ್ಸು ಹೆಚ್ಚುತ್ತದೆ. ಹೊದಿಕೆ ಸಡಿಲವಾಗಿದ್ದರೆ ನೀರು ಮಡುಗಟ್ಟಿ ನಿಲ್ಲುತ್ತದೆ. ನಿಂತ ನೀರನ್ನು ಯಾವ ಲೇಪವೂ ಬಹಳ ಹೊತ್ತು ತಾಳದು. ಮಳೆ ಸುರಿಯುತ್ತಿರುವಾಗ ಒಳಗಿನಿಂದ ಬಟ್ಟೆಗೆ ಬೆರಳು ತಾಗಿಸಬೇಡಿರೆಂದು ಮಕ್ಕಳಿಗೂ ಹೇಳಿರಬೇಕು. ಒತ್ತಿದ ಜಾಗದಲ್ಲಿ ನೀರು ಒಳಗಿಳಿಯಲು ದಾರಿ ಕಂಡುಕೊಳ್ಳುತ್ತದೆ.

ಮರೆಯಬಾರದ ಎಚ್ಚರಗಳು

ಒಂದು ಹೊದಿಕೆಯನ್ನು ಉಳಿಸಲು ಹೋಗಿ ಮನೆಗೆ ಕೇಡು ತಂದುಕೊಳ್ಳಬಾರದು. ಮೇಣವನ್ನು ಪೆಟ್ರೋಲಿನಲ್ಲಿಯೋ ಟರ್ಪೆಂಟೈನಿನಲ್ಲಿಯೋ ಕರಗಿಸುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಒಲೆಯ ಬಳಿ ಅದು ಬೆಂಕಿಗೆ ಕೊಟ್ಟ ಆಹ್ವಾನ. ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ. ಕಾಯಿಸಿದ ಅಗಸೆ ಎಣ್ಣೆಯನ್ನು ಬಳಿಯುವ ಪದ್ಧತಿಯೂ ಉಂಟು. ಆ ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಲ್ಲುದು. ಅಂತಹ ಚಿಂದಿಯನ್ನು ಬಯಲಿನಲ್ಲಿ ಹರವಿ ಪೂರ್ತಿ ಒಣಗಿಸಬೇಕು. ಮೇಣ ಕುಡಿದ ಬಟ್ಟೆಯೂ ಬೇಗನೆ ಉರಿಯುವಂತಹುದು. ಅದರ ಕೆಳಗೆ ಬೀಡಿ, ಬೆಂಕಿಕಡ್ಡಿಗಳಿಗೆ ಸ್ಥಳವಿರಬಾರದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಮಳೆಗೆ ಹೆದರಿ ಪಕ್ಕದ ಪರದೆಗಳನ್ನೆಲ್ಲ ಬಿಗಿದು, ಹಿಂದಿನದನ್ನು ಮಾತ್ರ ಎತ್ತಿಕಟ್ಟಿ ಓಡಿಸಿದರೆ ಎಂಜಿನ್ನಿನ ಹೊಗೆ ಹಿಂದಿನಿಂದ ಒಳಕ್ಕೆ ಸೆಳೆಯಲ್ಪಡುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಹಿಂದಿನ ಸೀಟಿನ ಮಕ್ಕಳು ತೂಕಡಿಸುತ್ತಿದ್ದರೆ ಅದು ನಿದ್ರೆಯೆಂದೇ ತಿಳಿಯುವ ಭಯವಿದೆ. ಸೈಲೆನ್ಸರಿನ ಕೊಳವೆ ತೂತಾಗಿಲ್ಲವೆಂಬುದನ್ನು ಹೊದಿಕೆಯ ಜೊತೆಯಲ್ಲಿಯೇ ಪರೀಕ್ಷಿಸಬೇಕು. ಮುಂದಿನಿಂದ ಗಾಳಿ ಬರುವಂತೆ ಸ್ವಲ್ಪ ತೆರವು ಬಿಡಬೇಕು. ಬಟ್ಟೆ ಮಳೆಯನ್ನು ತಡೆದೀತೇ ಹೊರತು, ವಾಹನ ಮಗುಚಿದರೆ ತಲೆಯನ್ನು ಕಾಯಲಾರದೆಂಬುದೂ ನೆನಪಿನಲ್ಲಿರಲಿ.

ಮಳೆಗಾಲ ಮುಗಿದ ಮೇಲೆ ಹೊದಿಕೆಯನ್ನು ಪೂರ್ಣವಾಗಿ ಒಣಗಿಸಿ, ಮಡಿಸುವುದಕ್ಕಿಂತ ಸುರುಳಿ ಸುತ್ತಿ, ಇಲಿಗೆ ಸಿಕ್ಕದಂತೆ ಎತ್ತರದಲ್ಲಿಡಬೇಕು. ಎರಡು ದಿನಗಳ ಶ್ರಮ, ಒಂದಿಷ್ಟು ಮೇಣ, ಒಂದು ಹಿಡಿ ಪಟಿಕ. ಇಷ್ಟರಿಂದ ಹೊದಿಕೆ ಇನ್ನೂ ಹಲವು ಮಳೆಗಾಲಗಳನ್ನು ಕಾಣುತ್ತದೆ. ಹರಿದ ಮೇಲೆ ಹೊಸದನ್ನು ಹೊಲಿಸಲು ಕುಶನ್ ಅಂಗಡಿಗೆ ಹೋಗುವುದು ಇದ್ದೇ ಇದೆ. ಆದರೆ ಅದು ಹರಿಯುವುದು ಅಂಗಡಿ ತೆರೆದಿರುವ ಹಗಲಿನಲ್ಲಲ್ಲ. ಆರಿದ್ರೆಯ ಮಳೆ ಹೊಯ್ಯುತ್ತಿರುವ, ಘಟ್ಟದ ತಿರುವಿನ ಕತ್ತಲೆಯಲ್ಲಿ. ಬಿಸಿಲಿರುವಾಗಲೇ ಎಚ್ಚೆತ್ತ ಮನೆಯವರು ಆ ಕತ್ತಲೆಯಲ್ಲಿಯೂ ಒಣಗಿದ ಮೈಯಿಂದ, ನೆಮ್ಮದಿಯಿಂದ ಮನೆ ಸೇರುತ್ತಾರೆ.