ಗಾಡಿಯಲ್ಲೇ ಚಟ್ನಿ ರುಬ್ಬಲು ಬೇಕಾದ ಕರೆಂಟು

ಬೈಪಾಸ್ ರಸ್ತೆಯ ಬದಿ, ಕಾಲೇಜಿನ ಗೇಟಿನೆದುರು, ಆಸ್ಪತ್ರೆಯ ಕಾಂಪೌಂಡಿನ ಪಕ್ಕ, ಎಲ್ಲಿ ನೋಡಿದರೂ ಟಾಟಾ ಏಸ್ ತಿಂಡಿಗಾಡಿಗಳು. ಇಡ್ಲಿ ಬೇಯಿಸಲು ಗ್ಯಾಸ್ ಇದೆ. ಚಟ್ನಿ ಮುಗಿದರೆ? ನಸುಕಿನಲ್ಲಿ ಮನೆಯಲ್ಲಿ ರುಬ್ಬಿ ತಂದ ಕಾಯಿಚಟ್ನಿ ಬೇಸಿಗೆಯಲ್ಲಿ ಮಧ್ಯಾಹ್ನದವರೆಗೆ ತಾಳುವುದಿಲ್ಲ. ಪಕ್ಕದ ಅಂಗಡಿಯಿಂದ ವೈರ್ ಎಳೆಯೋಣವೆಂದರೆ ಅವರ ಮರ್ಜಿ ಕಾಯಬೇಕು. ಸಣ್ಣ ಜನರೇಟರ್ ಇಟ್ಟರೆ ಸದ್ದು, ಹೊಗೆ, ಪೆಟ್ರೋಲಿನ ಖರ್ಚು. ಗಾಡಿಗೇ ಒಂದು ಇನ್ವರ್ಟರ್ ಕೂರಿಸಿ, ಮನೆಯಲ್ಲಿರುವಂಥ ಪ್ಲಗ್ ಪಾಯಿಂಟ್ ಹಾಕಿಸಿದರೆ ಎಷ್ಟು ಅನುಕೂಲ! ಖಂಡಿತ ಹಾಕಿಸಬಹುದು. ಆದರೆ 230 ವೋಲ್ಟಿಗೆ ಎಲ್ಲರೂ ಹೆದರುತ್ತಾರೆ, 12 ವೋಲ್ಟನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಗಾಡಿಗೆ ಬೆಂಕಿ ಹತ್ತುವ ಅಪಾಯ ಇರುವುದು ಅಲ್ಲೇ.

ಲೆಕ್ಕ ಹಾಕಿ ನೋಡಿ. 750 ವಾಟ್ ಮಿಕ್ಸಿ ಮನೆಯಲ್ಲಿ ಎಳೆಯುವುದು ಮೂರೂಕಾಲು ಆಂಪಿಯರ್. ಅಷ್ಟೇ ಕೆಲಸಕ್ಕೆ 12 ವೋಲ್ಟ್ ಬ್ಯಾಟರಿಯಿಂದ, ಇನ್ವರ್ಟರಿನೊಳಗಿನ ನಷ್ಟವೂ ಸೇರಿ, ಸುಮಾರು 75 ಆಂಪಿಯರ್ ಹರಿಯಬೇಕು. ಮನೆಯಲ್ಲಿ ಗೀಸರಿಗೆ ಸಾಕಾಗುವ 2.5 ಚದರ ಮಿಲಿಮೀಟರ್ ತಾಮ್ರದ ವೈರನ್ನೇ ಇಲ್ಲಿಯೂ ಹಾಕಿದರೆಂದುಕೊಳ್ಳಿ. ಬ್ಯಾಟರಿಗೂ ಇನ್ವರ್ಟರಿಗೂ ಮೂರು ಮೀಟರ್ ಅಂತರವಿದ್ದರೆ, ಹೋಗಿ ಬರುವ ಆರು ಮೀಟರಿನಲ್ಲೇ ಮೂರು ವೋಲ್ಟಿಗಿಂತ ಹೆಚ್ಚು ನಷ್ಟವಾಗುತ್ತದೆ. ಉಳಿದ ಒಂಬತ್ತು ವೋಲ್ಟಿಗೆ ಇನ್ವರ್ಟರ್ ಕುಯ್ಯೆಂದು ಕೂಗಿ ನಿಲ್ಲುತ್ತದೆ. ಕಳೆದುಹೋದದ್ದು 200 ವಾಟಿಗೂ ಮೀರಿದ ಶಾಖವಾಗಿ, ಮ್ಯಾಟಿನ ಕೆಳಗೆ ವೈರಿನ ಹೊದಿಕೆಯನ್ನು ಮೆತ್ತಗಾಗಿಸುತ್ತಿರುತ್ತದೆ. ಅದೇ ಜಾಗದಲ್ಲಿ 35 ಚದರ ಮಿಲಿಮೀಟರ್ ತಾಮ್ರದ ವೆಲ್ಡಿಂಗ್ ಕೇಬಲ್ ಇದ್ದರೆ ನಷ್ಟ ಕಾಲು ವೋಲ್ಟ್. ದಪ್ಪ ಕೇಬಲ್ ದುಬಾರಿ, ನಿಜ. ಅದಕ್ಕೇ ಇನ್ವರ್ಟರನ್ನು ಬ್ಯಾಟರಿಯ ಹತ್ತಿರ, ಗಾಳಿಯಾಡುವ ಕಡೆ ಕೂರಿಸಿ, 230 ವೋಲ್ಟಿನ ತೆಳು ವೈರನ್ನು ಉದ್ದಕ್ಕೆ ಎಳೆಯುವುದು ಜಾಣತನ.

ಫ್ಯೂಸಿನ ವಿಷಯದಲ್ಲಿ ಮಾತ್ರ ರಾಜಿ ಕೂಡದು. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ. ಆದರೆ ಕೇಬಲ್ ಎಲ್ಲೋ ಉಜ್ಜಿ ಗಾಡಿಯ ಲೋಹದ ಮೈಗೆ ತಗುಲಿದರೆ ಬ್ಯಾಟರಿ ಕ್ಷಣದಲ್ಲಿ ನೂರಾರು ಆಂಪಿಯರ್ ಸುರಿಯುತ್ತದೆ, ಕೇಬಲ್ ಕೆಂಪಗೆ ಕಾಯುತ್ತದೆ. ಫ್ಯೂಸ್ ಇರುವುದು ಇನ್ವರ್ಟರನ್ನು ಉಳಿಸಲಿಕ್ಕಲ್ಲ, ಕೇಬಲನ್ನು ಉಳಿಸಲಿಕ್ಕೆ. ಹಾಗಾಗಿ ಅದರ ಜಾಗ ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ. ಡ್ಯಾಶ್‌ಬೋರ್ಡಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಾಮಾನ್ಯವಾಗಿ 10ರಿಂದ 15 ಆಂಪಿಯರ್ ಫ್ಯೂಸ್. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜಿಗೆ ಸರಿ, ಮಿಕ್ಸಿಗೆ ಅಲ್ಲ.

ಮಿಕ್ಸಿ ಬ್ಯಾಟರಿಯನ್ನು ಖಾಲಿ ಮಾಡುತ್ತದೆ ಎಂಬ ಭಯ ಹಲವರಿಗಿದೆ. ಎರಡು ನಿಮಿಷ ರುಬ್ಬಿದರೆ ಖರ್ಚಾಗುವುದು ಎರಡೂವರೆ ಆಂಪಿಯರ್-ಅವರ್ ಅಷ್ಟೇ. ಸಂಜೆ ಆರರಿಂದ ಹತ್ತರವರೆಗೆ ಉರಿಯುವ ನಾಲ್ಕು 9 ವಾಟಿನ ಬಲ್ಬುಗಳು ಸದ್ದಿಲ್ಲದೆ ಅದರ ಐದಾರು ಪಟ್ಟು ತಿನ್ನುತ್ತವೆ. (ದೀಪಕ್ಕೆ ಇನ್ವರ್ಟರ್ ಬೇಡವೇ ಬೇಡ; ನೇರ 12 ವೋಲ್ಟಿನ ಎಲ್‌ಇಡಿ ಸಿಗುತ್ತದೆ.) ಗಾಡಿಯ ಬ್ಯಾಟರಿ ಸೆಲ್ಫ್ ಹೊಡೆಯುವ ಕೆಲವು ಸೆಕೆಂಡುಗಳ ಜೋರಿಗಾಗಿ ಮಾಡಿದ್ದು, ತೆಳು ಪ್ಲೇಟಿನದು. ಪದೇ ಪದೇ ಆಳಕ್ಕೆ ಇಳಿಸಿದರೆ ಬೇಗ ಸಾಯುತ್ತದೆ. ದಿನವೂ ವ್ಯಾಪಾರ ಮಾಡುವವರು ಎರಡನೆಯ ಬ್ಯಾಟರಿಯನ್ನು ಐಸೊಲೇಟರಿನ ಮೂಲಕ ಜೋಡಿಸಬೇಕು. ಓಡುವಾಗ ಎರಡೂ ಚಾರ್ಜ್ ಆಗುತ್ತವೆ. ಎಂಜಿನ್ ನಿಂತ ಮೇಲೆ ಸೆಲ್ಫಿನ ಬ್ಯಾಟರಿಯನ್ನು ಯಾರೂ ಮುಟ್ಟುವುದಿಲ್ಲ. ಮನೆಯ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿಯನ್ನು ಮುಚ್ಚಿದ ಗಾಡಿಯೊಳಗೆ, ಗ್ಯಾಸ್ ಒಲೆಯ ಪಕ್ಕ ಇಡುವುದನ್ನು ಊಹಿಸಲೂ ನನಗೆ ಇಷ್ಟವಿಲ್ಲ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ.

ಇನ್ವರ್ಟರ್ ಕೊಳ್ಳುವಾಗ ಪ್ಯೂರ್ ಸೈನ್ ವೇವ್ ಕೇಳಿ. ಅಗ್ಗದ ಸ್ಕ್ವೇರ್ ವೇವಿನಲ್ಲಿ ಮೋಟಾರು ಗೊರಗುಟ್ಟುತ್ತದೆ, ಬಿಸಿಯಾಗುತ್ತದೆ. ಮಿಕ್ಸಿ ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟು ಬೇಡುವುದರಿಂದ 1500 ವಾಟಿನದು ಇರಲಿ. 150 ಆಂಪಿಯರ್ ಫ್ಯೂಸ್ ಅದಕ್ಕೆ ಒಪ್ಪುತ್ತದೆ. 2000 ವಾಟಿನ ಇಂಡಕ್ಷನ್ ಒಲೆಯ ಆಸೆ ಬಿಟ್ಟುಬಿಡಿ.

ಪ್ಲಗ್ ಪಾಯಿಂಟಿನ ಕಡೆ ಒಂದು ಸೂಕ್ಷ್ಮವಿದೆ. ಮೂರನೆಯ ಪಿನ್ನಿನ ಅರ್ತನ್ನು ಗಾಡಿಯ ಲೋಹದ ಮೈಗೆ ಜೋಡಿಸಬೇಕು. ಆದರೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಹಾಕಿದೊಡನೆ ನಿಶ್ಚಿಂತೆ ಎಂದುಕೊಳ್ಳಬೇಡಿ: ಇನ್ವರ್ಟರಿನ ನ್ಯೂಟ್ರಲ್ ಅರ್ತಿಗೆ ಕೂಡಿಲ್ಲದಿದ್ದರೆ ಶಾಕ್ ಹೊಡೆದರೂ ಅದು ಟ್ರಿಪ್ ಆಗದಿರಬಹುದು. ಕೂಡಿಸಬಹುದೇ ಎಂಬುದನ್ನು ಆ ಮಾದರಿಯ ಕೈಪಿಡಿ ನೋಡಿಯೇ ತೀರ್ಮಾನಿಸಬೇಕು, ಏಕೆಂದರೆ ಕೆಲವು ಇನ್ವರ್ಟರುಗಳು ಹಾಗೆ ಕೂಡಿಸಿದರೆ ಸುಟ್ಟುಹೋಗುತ್ತವೆ. ಇದನ್ನು ವಿವರಿಸಬಲ್ಲ ಎಲೆಕ್ಟ್ರಿಷಿಯನ್ ಸಿಕ್ಕರೆ ಎರಡು ಕಾಸು ಹೆಚ್ಚು ಕೊಟ್ಟಾದರೂ ಅವರಿಂದಲೇ ಮಾಡಿಸಿ.

ಕೆಲಸ ಮುಗಿದ ದಿನ ಜಾರಿನಲ್ಲಿ ಕಾಯಿ, ಹುರಿಗಡಲೆ ತುಂಬಿಸಿ ಎರಡು ನಿಮಿಷ ಓಡಿಸಿ. ಮಿಕ್ಸಿ ನಿಲ್ಲಿಸಿ, ಪ್ಲಗ್ ಕಿತ್ತ ಮೇಲೆ ಕೇಬಲಿನ ಹೊದಿಕೆಯ ಮೇಲೆ, ತುದಿಗೆ ಕೂರಿಸಿದ ಲಗ್ಗಿನ ಪಕ್ಕದಲ್ಲಿ ಬೆರಳಿಟ್ಟು ನೋಡಿ. ಕೇಬಲ್ ತಣ್ಣಗಿದ್ದು ಲಗ್ಗಿನ ಹತ್ತಿರ ಮಾತ್ರ ಬಿಸಿಯಿದ್ದರೆ ಜೋಡಣೆ ಸಡಿಲವಿದೆ, ಬಿಚ್ಚಿ ಮತ್ತೆ ಕ್ರಿಂಪ್ ಮಾಡಿಸಿ. ಹಂಪುಗಳ ಮೇಲೆ ಒಂದು ತಿಂಗಳು ಓಡಾಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.